ಬುಡ ಅಗೆಯುವ ಮೊದಲೇ ಮಹಜರು ಆಗಲಿ

ಮಾನ್ಯ ಸಂಪಾದಕರೇ,

ರಸ್ತೆ ಬದಿಯ ಮರವೊಂದಕ್ಕೆ ಗರಗಸ ಇಟ್ಟರೆ ಜನ ಸೇರುತ್ತಾರೆ, ಮೊಬೈಲ್‌ನಲ್ಲಿ ಚಿತ್ರ ತೆಗೆಯುತ್ತಾರೆ, ಪರವಾನಗಿ ತೋರಿಸಿ ಎನ್ನುತ್ತಾರೆ. ಅದೇ ಮರದ ಬುಡದಿಂದ ಎರಡು ಅಡಿ ಆಚೆ ಜೆಸಿಬಿ ನಿಂತು ಪೈಪಿಗೆ ಕಾಲುವೆ ತೋಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಗರಗಸ ತಗುಲಿದ ಮರ ಅಂದೇ ಉರುಳುತ್ತದೆ. ಬೇರು ಕಳೆದುಕೊಂಡ ಮರ ಮುಂದಿನ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಯಾರದೋ ಆಟೊ ಮೇಲೆ ಮಗುಚಿಕೊಳ್ಳುತ್ತದೆ. ಆಗ ‘ಹಳೆಯ ಮರ, ಅಪಾಯಕಾರಿ’ ಎಂದು ಷರಾ ಬೀಳುತ್ತದೆ, ಸಾಲಿನಲ್ಲಿ ಉಳಿದ ಮರಗಳ ಮೇಲೂ ಅನುಮಾನ ಶುರುವಾಗುತ್ತದೆ. ಕಾಲುವೆ ತೋಡಿದ್ದು ಯಾರಿಗೂ ನೆನಪಿರುವುದಿಲ್ಲ.

ಬೆಂಗಳೂರಿನ ಹೊರವಲಯದ ಮರಗಳಿಗೆ ಕಾನೂನಿನ ಆಸರೆಯೇ ಇಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ಸರಿಯಲ್ಲ. ಆಸರೆ 1976ರಿಂದಲೂ ಇದೆ. ಅದು ಮರದ ಬಳಿಗೆ ತಡವಾಗಿ ಬರುತ್ತಿದೆ ಎಂಬುದೇ ನಮ್ಮ ತಕರಾರು. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಎಂಟನೇ ಕಲಂ ಪ್ರಕಾರ ವೃಕ್ಷ ಅಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯ ಅಧಿಕಾರಿಯ) ಮುಂಗಡ ಅನುಮತಿ ಇಲ್ಲದೆ ಯಾರೂ ಮರ ಕಡಿಯುವಂತಿಲ್ಲ. ನೆಲ ಸರ್ಕಾರದ್ದಿರಲಿ, ಸ್ವಂತದ್ದಿರಲಿ, ನಿಯಮ ಒಂದೇ. ‘ನನ್ನ ಸೈಟು, ನನ್ನ ಮರ’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯ, ರಬ್ಬರ್ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ ಇದೆ. ಹೊಂಗೆ, ಬೇವು, ಆಲ, ಅರಳಿ, ಅತ್ತಿ, ಮಳೆಮರ ಇವೆಲ್ಲ ಅನುಮತಿ ಬೇಕಾದವು. ಅನುಮತಿ ಪಡೆದು ಕಡಿದರೂ ಸಾಗಿಸುವುದು ಬೇರೆ ಮಾತು: ಅರಣ್ಯ ನಿಯಮಗಳಂತೆ ಮರದ ದಿಮ್ಮಿಗೆ ರಹದಾರಿ, ಅಂದರೆ ಸಾಗಣೆ ಪರವಾನಗಿ, ಬೇಕಾಗುತ್ತದೆ. ರಾತ್ರೋರಾತ್ರಿ ದಿಮ್ಮಿ ತುಂಬಿದ ಲಾರಿ ಕಂಡಾಗ ಮೊದಲು ಕೇಳಬೇಕಾದ ಕಾಗದ ಇದೇ.

ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದಿರುವುದು ‘ಕಡಿಯುವುದು’ ಎಂಬ ಮಾತಿಗೆ ಕಾಯ್ದೆ ಕೊಟ್ಟಿರುವ ಅರ್ಥ. ಕಾಂಡವನ್ನು ಬೇರಿನಿಂದ ಬೇರ್ಪಡಿಸುವುದು, ಬುಡಸಮೇತ ಕೀಳುವುದು ಅದರಲ್ಲಿದೆ. ಜೊತೆಗೆ ಬುಲ್ಡೋಜರ್ ಹಾಯಿಸುವುದು, ಸುತ್ತಲೂ ತೊಗಟೆ ಸುಲಿಯುವುದು, ಕೊಂಬೆ ತರಿಯುವುದು, ತಲೆ ಬೋಳಿಸುವುದು, ವಿಷ ಹಾಕುವುದು, ಸುಡುವುದು, ಕೊನೆಗೆ ಬೇರಾವುದೇ ರೀತಿಯಲ್ಲಿ ಹಾನಿ ಮಾಡುವುದು ಕೂಡ ಸೇರಿದೆ. ಈ ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ, ಬೇರು ಕತ್ತರಿಸಿದ ಗುತ್ತಿಗೆದಾರನೂ ಬುಡಕ್ಕೆ ಕಸ ಸುರಿದು ಬೆಂಕಿ ಇಟ್ಟವನೂ ಅನುಮತಿ ಇಲ್ಲದೆ ಮರ ಕಡಿದವರ ಸಾಲಿಗೇ ಬರುತ್ತಾರೆ. ಅರ್ಧ ಶತಮಾನದ ಹಿಂದೆ ಇದನ್ನು ಬರೆದವರು ಮರ ಹೇಗೆ ಸಾಯುತ್ತದೆಂದು ಬಲ್ಲವರಾಗಿದ್ದರು. ಕಚೇರಿಗಳಲ್ಲಿ ಮಾತ್ರ ಈ ವ್ಯಾಖ್ಯೆಯ ಮೊದಲ ಸಾಲಿನಾಚೆ ಓದುವ ರೂಢಿ ಇಲ್ಲ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ನಗರಕ್ಕೆ ಸೇರಿಸಲಾಯಿತು. ಆ 110 ಹಳ್ಳಿಗಳಿಗೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ನೀರು ಬರಲೇಬೇಕು, ಅದಕ್ಕೆ ಎರಡು ಮಾತಿಲ್ಲ. ಆದರೆ ನೀರಿನ ಪೈಪು, ಒಳಚರಂಡಿ, ಗ್ಯಾಸ್, ಇಂಟರ್‌ನೆಟ್ ಕೇಬಲ್ ಹೀಗೆ ಒಂದಾದ ಮೇಲೊಂದು ಕಾಲುವೆ ಇಂಥ ಕಡೆ ರಸ್ತೆಯ ಅಂಚಿನಲ್ಲೇ ಬೀಳುತ್ತದೆ. ಮರ ಇರುವುದೂ ಅದೇ ಅಂಚಿನಲ್ಲಿ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂಬ ನಂಬಿಕೆಯೇ ಅರ್ಧ ಅನಾಹುತಕ್ಕೆ ಕಾರಣ. ನೀರು, ಗೊಬ್ಬರ, ಗಾಳಿ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ-ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ ಮತ್ತು ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಮರವನ್ನು ನೆಲಕ್ಕೆ ಕಟ್ಟಿಹಾಕುವ ದಪ್ಪ ಬೇರುಗಳು ಬುಡದ ಹತ್ತಿರದ ಕೆಲವು ಅಡಿಗಳಲ್ಲಿವೆ. ಬುಡದ ಪಕ್ಕದಲ್ಲೇ ಮೂರಡಿ ಆಳ ತೋಡಿದರೆ ಆ ಕಡೆಯ ಎರಡೂ ಬಗೆಯ ಬೇರು ಹೋಯಿತು. ಸಾಮಾನ್ಯವಾಗಿ ಇಂಥ ಮರ ಬೀಳುವುದು ಬೇರು ಕತ್ತರಿಸಿದ ದಿಕ್ಕಿನ ಎದುರು ಬದಿಗೆ, ಹಗ್ಗ ಕಡಿದ ಕಂಬದ ಹಾಗೆ. ಬಿದ್ದ ಮರದ ಬುಡ ನೋಡಿದರೆ ಕಥೆ ಸ್ಪಷ್ಟ: ಒಂದು ಪಕ್ಕದ ಬೇರುಗಳು ಆಗಷ್ಟೇ ಹರಿದು ಬಿಳುಪಾಗಿ ನಾರುನಾರಾಗಿರುತ್ತವೆ, ಇನ್ನೊಂದು ಪಕ್ಕದವು ಮೊಂಡಾಗಿ, ಕಪ್ಪಾಗಿ, ತುದಿ ಕೊಳೆತಿರುತ್ತವೆ. ಆ ಕಪ್ಪು ತುದಿಗಳು ಹಿಂದೆ ಯಾವತ್ತೋ ತೋಡಿದ ಕಾಲುವೆಯ ಸಾಕ್ಷಿ. ಮರ ಬಿದ್ದ ಮೇಲೆ ಬರೆಯುವ ಮಹಜರಿನಲ್ಲಿ ಈ ಒಂದು ಸಾಲಾದರೂ ದಾಖಲಾಗಬೇಕು. ‘ಗಾಳಿಮಳೆಗೆ ಬಿದ್ದಿದೆ’ ಎಂದಷ್ಟೇ ಬರೆದರೆ ಯಾರೂ ಹೊಣೆಯಾಗುವುದಿಲ್ಲ.

ಎಷ್ಟು ದೂರ ಬಿಡಬೇಕು ಎಂಬುದಕ್ಕೆ ಸುಲಭದ ಲೆಕ್ಕವಿದೆ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಕಾಂಡಕ್ಕೆ ದಾರ ಸುತ್ತಿ ಸುತ್ತಳತೆ ತೆಗೆಯಿರಿ. ವ್ಯಾಸದ 12 ಪಟ್ಟು ದೂರವನ್ನು ಬೇರಿನ ವಲಯ ಎಂದು ಮರಪಾಲನೆಯಲ್ಲಿ ಹಿಡಿಯುತ್ತಾರೆ. ಸುತ್ತಳತೆಯ ಲೆಕ್ಕದಲ್ಲಿ ಅದು ಹತ್ತಿರಹತ್ತಿರ ನಾಲ್ಕು ಪಟ್ಟು. 150 ಸೆಂಟಿಮೀಟರ್ ಸುತ್ತಳತೆಯ ಹೊಂಗೆಗೆ ಸುಮಾರು 5.7 ಮೀಟರ್. ಮೂವತ್ತಡಿ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು ಎಂದು ಎಂಜಿನಿಯರುಗಳು ಕೇಳುವುದು ನ್ಯಾಯವೇ. ಬರುವುದಿಲ್ಲ. ಹಾಗಾಗಿ ಆ ವಲಯದೊಳಗೆ ಕೆಲಸದ ರೀತಿ ಬದಲಾಗಬೇಕು. ಜೆಸಿಬಿ ಹೊರಗೆ ನಿಲ್ಲಬೇಕು. ಒಳಗೆ ಗುದ್ದಲಿ, ಹಾರೆಯಲ್ಲಿ ಕೈಯಿಂದಲೇ ಅಗೆಯಬೇಕು. ಎರಡು ಇಂಚಿಗಿಂತ ದಪ್ಪದ ಬೇರು ಸಿಕ್ಕರೆ ಕತ್ತರಿಸದೆ ಅದರಡಿಯಲ್ಲಿ ಪೈಪು ತೂರಿಸಬೇಕು. ಸಣ್ಣ ಬೇರು ಕತ್ತರಿಸಲೇಬೇಕಾದರೆ ಹರಿತ ಗರಗಸದಿಂದ ನಯವಾಗಿ ಕತ್ತರಿಸಬೇಕು. ಜೆಸಿಬಿಯ ಹಲ್ಲು ಬೇರನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಆ ಸೀಳು ಬುಡದವರೆಗೂ ಹೋಗಿ ಅಲ್ಲಿಂದ ಕೊಳೆರೋಗ ಹತ್ತುತ್ತದೆ. ಹೊರಬಿದ್ದ ಬೇರಿಗೆ ಒದ್ದೆ ಗೋಣಿಚೀಲ ಹೊದಿಸಿ, ಆದಷ್ಟೂ ಅದೇ ದಿನ ತೆಗೆದ ಮಣ್ಣನ್ನೇ ಮುಚ್ಚಿ ನೀರು ಹಾಯಿಸಬೇಕು. ಜಲ್ಲಿ, ಸಿಮೆಂಟಿನ ಚೂರು ತುಂಬಿ ಮುಚ್ಚಿದರೆ ಆ ಬೇರು ಮತ್ತೆ ಚಿಗುರುವುದಿಲ್ಲ. ಕೇಬಲ್‌ನಂಥ ಸಣ್ಣ ಕೆಲಸಕ್ಕಂತೂ ಕಾಲುವೆಯೇ ಬೇಡ, ನೆಲದಡಿ ಮೀಟರಿಗಿಂತ ಆಳದಲ್ಲಿ ಅಡ್ಡ ಕೊರೆಯುವ ಯಂತ್ರ ಎಲ್ಲೆಡೆ ಬಳಕೆಯಲ್ಲಿದೆ.

ಕಾಂಕ್ರೀಟಿನ ಮಾತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ದೆಹಲಿಯ ಮರಗಳ ಪ್ರಕರಣದಲ್ಲಿ, ಮರದ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕು, ಮರಗಳ ಮೇಲಿನ ಫಲಕ, ವೈರುಗಳನ್ನೂ ತೆಗೆಯಬೇಕು ಎಂದು ಆದೇಶಿಸಿತ್ತು. ಆದೇಶ ದೆಹಲಿಯದ್ದಾದರೂ ಕಾರಣ ಎಲ್ಲ ಊರಿಗೂ ಒಂದೇ. ಬೇರಿಗೂ ಉಸಿರಾಟವಿದೆ. ಕಾಂಡಕ್ಕೆ ಅಂಟಿಸಿ ಟೈಲ್ಸ್ ಹಾಕಿದರೆ ಮಳೆನೀರು ಇಂಗುವುದಿಲ್ಲ, ಗಾಳಿ ಹೋಗುವುದಿಲ್ಲ, ಕಾಂಡ ದಪ್ಪವಾಗುತ್ತಾ ಹೋದಂತೆ ಸಿಮೆಂಟಿನ ಅಂಚು ತೊಗಟೆಯನ್ನು ಒತ್ತಿ ಕೊರೆಯುತ್ತದೆ. ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಮಣ್ಣು ಏರಿಸುವುದು. ರಸ್ತೆ ಎತ್ತರಿಸಿದಾಗ ಪಾದಚಾರಿ ಮಾರ್ಗಕ್ಕೂ ಒಂದಡಿ ಮಣ್ಣು ಬೀಳುತ್ತದೆ, ಮರದ ಬುಡ ಹೂತುಹೋಗುತ್ತದೆ. ಆರೋಗ್ಯವಾಗಿರುವ ಮರದ ಬುಡ ನೆಲ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರಬೇಕು. ವಿದ್ಯುತ್ ಕಂಬದಂತೆ ನೆಟ್ಟಗೆ ನೆಲಕ್ಕಿಳಿದಿದ್ದರೆ ಮಣ್ಣು ಏರಿದೆ ಎಂದರ್ಥ. ಅದನ್ನು ಕೈಯಿಂದ ಬಿಡಿಸಿ, ಬುಡದ ಹರವು ಕಾಣುವವರೆಗೂ ತೆಗೆಯಬಹುದು. ಇದಕ್ಕೆ ಯಾರ ಹಣವೂ ಬೇಕಿಲ್ಲ.

ಬೇಕೆಂದೇ ಕೊಲ್ಲುವವರ ವಿಷಯ ಬೇರೆ. ಅಂಗಡಿಯ ಬೋರ್ಡಿಗೆ ಅಡ್ಡ, ಗೇಟಿಗೆ ಅಡ್ಡ, ಸೈಟಿನ ಬೆಲೆಗೆ ಅಡ್ಡ ಎಂದು ಕೆಲವರು ಸದ್ದಿಲ್ಲದೆ ಮಾಡುವ ಕೆಲಸಗಳಲ್ಲಿ ಎರಡು ಮುಖ್ಯ. ಒಂದು, ಸುತ್ತಲೂ ಉಂಗುರದಂತೆ ತೊಗಟೆ ಸುಲಿಯುವುದು. ಎಲೆ ತಯಾರಿಸಿದ ಆಹಾರ ಬೇರಿಗಿಳಿಯುವ ದಾರಿ ಇರುವುದು ತೊಗಟೆಯ ಒಳಮೈಯಲ್ಲಿ. ನೀರು ಮೇಲೇರುವ ದಾರಿ ಅದರ ಹಿಂದಿನ ಮರದ ಭಾಗದಲ್ಲಿ. ತೊಗಟೆ ಹೋದರೂ ನೀರು ಏರುತ್ತಲೇ ಇರುವುದರಿಂದ ಮರ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಹಸಿರಾಗಿಯೇ ಕಾಣುತ್ತದೆ. ‘ಏನೂ ಆಗಿಲ್ಲವಲ್ಲ’ ಎಂದು ದೂರು ತಳ್ಳಿಹಾಕುವುದು ಈ ಅವಧಿಯಲ್ಲೇ. ಅತ್ತ ಬೇರು ಹಸಿವಿನಿಂದ ಸಾಯುತ್ತಿರುತ್ತದೆ. ಸುಲಿದ ತೊಗಟೆ ಇನ್ನೂ ಹಸಿಯಾಗಿ ಅಲ್ಲೇ ಬಿದ್ದಿದ್ದರೆ ತಡಮಾಡದೆ ಇದ್ದ ಜಾಗಕ್ಕೇ ಕೂರಿಸಿ, ಸಣ್ಣ ಮೊಳೆಯಿಂದ ಹಿಡಿಸಿ, ಒದ್ದೆ ಪಾಚಿ ಅಥವಾ ಗೋಣಿ ಸುತ್ತಿ ಪ್ಲಾಸ್ಟಿಕ್ ಹೊದಿಸಿದರೆ ಕೂಡಿಕೊಳ್ಳುವ ಸಾಧ್ಯತೆ ಇದೆ. ತೊಗಟೆ ಒಣಗಿದ್ದರೆ, ಅದೇ ಮರದ ಎಳೆ ಕಡ್ಡಿಗಳನ್ನು ಗಾಯದ ಕೆಳಗೂ ಮೇಲೂ ತೊಗಟೆಯೊಳಗೆ ಸಿಕ್ಕಿಸಿ ಸೇತುವೆಯಂತೆ ಕಸಿ ಕಟ್ಟಬೇಕು, ಎರಡು ಮೂರು ಇಂಚಿಗೊಂದು ಕಡ್ಡಿ. ತೋಟಗಾರಿಕೆ ಬಲ್ಲವರ ಕೈ ಬೇಕು. ಟಾರು, ಪೇಂಟು ಬಳಿಯುವುದು ಬೇಡ, ಅದು ಗಾಯ ಮಾಯಲು ನೆರವಾಗುವುದಿಲ್ಲ.

ಎರಡನೆಯದು, ಬುಡಕ್ಕೆ ಡ್ರಿಲ್ ಹೊಡೆದು ಆಸಿಡ್ ಅಥವಾ ಕಳೆನಾಶಕ ತುಂಬುವುದು. ನೆಲದ ಹತ್ತಿರ, ಕೆಲವೊಮ್ಮೆ ಮಣ್ಣು ಸರಿಸಿದರೆ ಮಾತ್ರ ಕಾಣುವಂತೆ, ಬೆರಳು ಹೋಗುವಷ್ಟು ತೂತುಗಳು ಕೆಳಮುಖವಾಗಿ ಓರೆಯಾಗಿರುತ್ತವೆ. ಜೇಡಿಮಣ್ಣು, ಸಿಮೆಂಟು, ಮೇಣದಿಂದ ಮುಚ್ಚಿರುತ್ತಾರೆ. ಮರದ ಒಂದೇ ಪಕ್ಕದ ಎಲೆಗಳು ಅಂಚಿನಿಂದ ಸುಟ್ಟಂತಾಗಿ ಒಣಗತೊಡಗಿದರೆ ಆ ಪಕ್ಕದ ಬುಡವನ್ನು ಮೊದಲು ನೋಡಬೇಕು. ತೂತು ಸಿಕ್ಕರೆ ತೊಳೆಯಲು ಹೋಗಬೇಡಿ, ಸಾಕ್ಷ್ಯ ಹೋಗುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ ಒಂದು, ಮರ ಮತ್ತು ಹಿಂದಿನ ಕಟ್ಟಡ ಎರಡೂ ಕಾಣುವಂತೆ ದೂರದಿಂದ ಒಂದು ಚಿತ್ರ ತೆಗೆದು, ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ, ವೃಕ್ಷ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕಣ್ಣೆದುರಿಗೇ ಕಡಿಯುತ್ತಿರುವುದು ಕಂಡರೆ ಮೊದಲು 112. ದೂರಿನಲ್ಲಿ ‘ಮರ ಕಡಿದಿದ್ದಾರೆ’ ಎಂದಷ್ಟೇ ಬರೆಯದೆ, ತೊಗಟೆ ಸುಲಿತ ಮತ್ತು ವಿಷಪ್ರಯೋಗ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ‘ಕಡಿಯುವುದು’ ಎಂದು ಸ್ಪಷ್ಟವಾಗಿ ನಮೂದಿಸಿ. ಮರ ನಿಂತಿದೆಯಲ್ಲ ಎಂಬ ಹಿಂಬರಹ ಬರದಂತೆ ತಡೆಯುವುದು ಆ ಒಂದು ವಾಕ್ಯ.

ವಿದ್ಯುತ್ ತಂತಿಯಡಿಯ ಮರಗಳ ಗೋಳು ಪ್ರತಿ ಬೇಸಿಗೆಯದು. ತಂತಿ ಇರುವ ಪಕ್ಕದ ಕೊಂಬೆಗಳನ್ನಷ್ಟೇ ಬುಡಸಮೇತ ತರಿದು ಹೋದರೆ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಗಾಳಿಗೆ ಬೀಳುವುದು ಆಮೇಲೆ ಸಹಜ. ತಲೆ ಬೋಳಿಸಿದರೆ ಇನ್ನೂ ಕಷ್ಟ. ತುಂಡಾದ ಜಾಗದಿಂದ ಪೊದೆಯಂತೆ ಹೊಮ್ಮುವ ಹೊಸ ಚಿಗುರು ಮೇಲ್ಪದರದಿಂದಷ್ಟೇ ಹುಟ್ಟಿ ಬೇಗ ಉದ್ದವಾಗುತ್ತದೆ, ದುರ್ಬಲವಾಗಿರುತ್ತದೆ, ಮತ್ತೆ ತಂತಿಗೇ ತಾಗುತ್ತದೆ. ಸರಿಯಾದ ಕ್ರಮ ಕಲಿಯಲು ಅರ್ಧ ದಿನ ಸಾಕು. ಕಾಂಡದಿಂದ ಒಂದಡಿ ಆಚೆ ಕೊಂಬೆಯ ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಬೇಕು. ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕೊಯ್ದು ಭಾರ ಇಳಿಸಬೇಕು. ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರದ ಹೊರಗೆ ಕತ್ತರಿಸಬೇಕು. ಕೆಳಗಿನ ಮೊದಲ ಕೊಯ್ತ ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಮಾರುದ್ದ ಸೀಳಿಕೊಂಡೇ ಇಳಿಯುತ್ತದೆ. ಉಬ್ಬನ್ನೂ ಸೇರಿಸಿ ಕತ್ತರಿಸಿದರೆ ಗಾಯ ಮುಚ್ಚುವ ಅಂಗಾಂಶವೇ ಹೋಗುತ್ತದೆ.

ತಂತಿಗೆ ಅಡ್ಡ ಎಂದಾಕ್ಷಣ ಯಾರು ಬೇಕಾದರೂ ಬಂದು ಕಡಿಯುವಂತಿಲ್ಲ ಎಂಬುದನ್ನೂ ಓದುಗರು ತಿಳಿದಿರಲಿ. ವಿದ್ಯುಚ್ಛಕ್ತಿ ಕಾಯ್ದೆ, 2003ರ 68(5) ಪ್ರಕಾರ ವಿದ್ಯುತ್ ಕಂಪನಿ ಅರ್ಜಿ ಹಾಕಬೇಕು, ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ ತೀರ್ಮಾನಿಸಬೇಕು. ತಂತಿ ಎಳೆಯುವುದಕ್ಕೂ ಮೊದಲೇ ಇದ್ದ ಮರವಾದರೆ ಸಂಬಂಧಪಟ್ಟವರಿಗೆ ಪರಿಹಾರ ಕೊಡಿಸಬೇಕು ಎಂದು 68(6) ಹೇಳುತ್ತದೆ. ಮರ ಮೊದಲೋ ತಂತಿ ಮೊದಲೋ ಎಂಬ ಪ್ರಶ್ನೆಗೆ ಕಾನೂನಿನಲ್ಲೇ ತೂಕವಿದೆ. ಹೊದಿಕೆ ಇರುವ ಕೇಬಲ್ ಎಳೆದ ಬೀದಿಗಳಲ್ಲಿ ಇಷ್ಟು ಕೊಂಬೆ ತರಿಯುವ ಅಗತ್ಯವೇ ಬರುವುದಿಲ್ಲ.

ಅನುಮತಿಯ ಅರ್ಜಿಗಳಲ್ಲಿ ‘ಒಣಗಿದ ಮರ’ ಎಂಬ ಕಾರಣ ಕಂಡರೆ ತಿಂಗಳು ಯಾವುದೆಂದು ನೋಡಬೇಕು. ಬೂರುಗ ಜನವರಿ-ಫೆಬ್ರುವರಿಯಲ್ಲಿ ಎಲೆ ಪೂರ್ತಿ ಉದುರಿಸಿಯೇ ಹೂ ಬಿಡುವ ಮರ. ಮುತ್ತುಗವೂ ಬೋಳಾಗಿಯೇ ಹೂ ಹೊರುತ್ತದೆ. ಆ ಹೊತ್ತಿನಲ್ಲಿ ತೆಗೆದ ಚಿತ್ರ ಲಗತ್ತಿಸಿದರೆ ಯಾವ ಮರವಾದರೂ ಸತ್ತಂತೆಯೇ ಕಾಣುತ್ತದೆ. ಸಣ್ಣ ಕೊಂಬೆಯೊಂದರ ಮೇಲೆ ಉಗುರಿನಿಂದ ಕೆರೆದು ನೋಡಿ: ಒಳಗೆ ಹಸಿರು, ತೇವ ಇದ್ದರೆ ಮರ ಬದುಕಿದೆ. ಕಂದು ಬಣ್ಣವಾಗಿ ಪುಡಿಪುಡಿಯಾದರೆ ಆ ಕೊಂಬೆ ಸತ್ತಿದೆ. ನಾಲ್ಕು ದಿಕ್ಕಿನ ಕೊಂಬೆಯನ್ನೂ ನೋಡಿಯೇ ಮರದ ಬಗ್ಗೆ ಹೇಳಬೇಕು. ಸ್ಥಳ ಪರಿಶೀಲನೆ ಮಾಡುವವರು ಇಷ್ಟು ಮಾಡಿ ಟಿಪ್ಪಣಿಯಲ್ಲಿ ಬರೆದರೆ ಸುಳ್ಳು ಅರ್ಜಿಗಳು ತಾವಾಗಿಯೇ ಕಡಿಮೆಯಾಗುತ್ತವೆ. ನಿಜಕ್ಕೂ ಬೀಳುವ ಸ್ಥಿತಿಯ ಮರಗಳಿಲ್ಲವೆಂದಲ್ಲ. ಬುಡದಲ್ಲಿ ತಟ್ಟೆಯಂಥ ಅಣಬೆ ಎದ್ದಿದ್ದರೆ, ಒಂದು ಪಕ್ಕದ ನೆಲ ಬಿರಿದು ಮೇಲೆದ್ದಿದ್ದರೆ, ಇದ್ದಕ್ಕಿದ್ದಂತೆ ವಾಲಿದ್ದರೆ ತಡಮಾಡದೆ ಕ್ರಮ ಕೈಗೊಳ್ಳಬೇಕು, ಆ ಮರಗಳನ್ನು ಉಳಿಸಿ ಎಂದು ಹಟ ಹಿಡಿಯುವುದು ಯಾರಿಗೂ ಒಳ್ಳೆಯದಲ್ಲ.

ಹೊಸ ಬಡಾವಣೆಗಳಲ್ಲಿ ಮರಗಳು ಮಾಯವಾಗುವುದು ಇನ್ನೂ ಮುಂಚೆಯೇ. ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಕೃಷಿ ಜಮೀನು ಪರಿವರ್ತನೆಗೆ ಅರ್ಜಿ ಬೀಳುತ್ತದೆ. ಪರಿವರ್ತನೆಗೂ ನಕ್ಷೆ ಮಂಜೂರಾತಿಗೂ ನಡುವಿನ ತಿಂಗಳುಗಳಲ್ಲಿ ಹುಣಸೆ, ಮಾವು, ಹಲಸು, ಬೇವು ಎಲ್ಲ ಚೊಕ್ಕಟವಾಗುತ್ತವೆ. ನಕ್ಷೆ ಕಚೇರಿಗೆ ಬರುವಾಗ ನೆಲ ಬರಿದಾಗಿರುತ್ತದೆ, ಇಲ್ಲದ ಮರಕ್ಕೆ ಯಾರೂ ಅನುಮತಿ ಕೇಳುವುದಿಲ್ಲ. ಪಹಣಿಯಲ್ಲಿ ಮರಗಳಿಗೆಂದೇ ಒಂದು ಕಾಲಂ ಇದೆ. ಅದನ್ನು ಖಾಲಿ ಬಿಡುವ ಅಭ್ಯಾಸ ಹೋಗಬೇಕು. ಪರಿವರ್ತನೆಯ ಅರ್ಜಿಯ ಜೊತೆಗೇ ಮರಗಳ ಪಟ್ಟಿ, ಜಾತಿ, ಸುತ್ತಳತೆ, ಜಿಪಿಎಸ್ ಗುರುತು ಸಮೇತ ಕಡ್ಡಾಯವಾಗಬೇಕು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಜಾಗ ಬಿಡಲೇಬೇಕಲ್ಲ, ಅದನ್ನು ಮರಗಳಿರುವ ಕಡೆಗೇ ಬಿಡಲು ಏನು ಅಡ್ಡಿ? ಈಗ ಸೈಟು ಮಾಡಲು ಬಾರದ ಮೂಲೆಗೆ ಉದ್ಯಾನ ಬರುತ್ತದೆ, ಮರವಿದ್ದ ಕಡೆ ಸೈಟು ಬರುತ್ತದೆ. ಮೊದಲು ಮರ ಇತ್ತೆಂದು ತೋರಿಸಬೇಕಾದ ನಾಗರಿಕರಿಗೆ ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಪ್ರತಿ ಚಿತ್ರಕ್ಕೂ ದಿನಾಂಕವಿದೆ. ದೂರಿನ ಜೊತೆ ಹಿಂದಿನದು, ಈಗಿನದು ಎರಡನ್ನೂ ಲಗತ್ತಿಸಿ.

ಖಾಸಗಿ ಜಮೀನಿನ ಮರಕ್ಕೆ ನ್ಯಾಯಾಲಯಗಳು ಮೆದುವಾಗಿರುತ್ತವೆ ಎಂದುಕೊಂಡವರು 2025ರ ಮಾರ್ಚ್‌ನ ಸುಪ್ರೀಂ ಕೋರ್ಟ್ ಆದೇಶ ನೋಡಬೇಕು. ತಾಜ್ ಸಂರಕ್ಷಿತ ವಲಯದಲ್ಲಿ, ಮಥುರಾ-ವೃಂದಾವನದ ಖಾಸಗಿ ಜಾಗದಲ್ಲಿ 454 ಮರ ಕಡಿದ ಪ್ರಕರಣದಲ್ಲಿ ಮರಕ್ಕೆ ಒಂದು ಲಕ್ಷ ರೂಪಾಯಿಯಂತೆ ದಂಡದ ಲೆಕ್ಕವನ್ನು ನ್ಯಾಯಾಲಯ ಒಪ್ಪಿತು.

ಸರ್ಕಾರಿ ಕಾಮಗಾರಿಗಳಿಗೆ ಬೇರೊಂದು ತಡೆ ಇದೆ. ರಸ್ತೆಯಂಥ ಸಾರ್ವಜನಿಕ ಉದ್ದೇಶಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಒಳ್ಳೆಯ ನಿಯಮ. ಆದರೆ ಒಂದೇ ರಸ್ತೆಯನ್ನು ತುಂಡು ಮಾಡಿ ಇಲ್ಲಿ 40, ಅಲ್ಲಿ 45 ಎಂದು ಅರ್ಜಿ ಹಾಕಿದರೆ ನಿಯಮ ಅಲ್ಲಿಗೆ ಮುಗಿಯಿತು. ಕಾಮಗಾರಿ ಒಂದೇ ಆಗಿದ್ದರೆ ಮರಗಳ ಎಣಿಕೆಯೂ ಒಂದೇ ಆಗಿರಬೇಕು ಎಂದು ಸರ್ಕಾರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಿ. ಆಕ್ಷೇಪಣೆ ಸಲ್ಲಿಸುವವರಿಗೂ ಒಂದು ಮಾತು: ‘ಮರ ಕಡಿಯಬೇಡಿ’ ಎಂಬ ಒಂದೇ ಸಾಲಿನ ನೂರು ಪತ್ರಗಳಿಗಿಂತ, ಇಂಥ ಸಂಖ್ಯೆಯ ಮರ ರಸ್ತೆಯ ಅಂಚಿನಿಂದ ಇಷ್ಟು ಮೀಟರ್ ಆಚೆ ಇದೆ, ಚರಂಡಿಯನ್ನು ಇಷ್ಟು ಸರಿಸಿದರೆ ಉಳಿಯುತ್ತದೆ ಎಂದು ಅಳತೆ ಸಮೇತ ಬರೆದ ಒಂದು ಪತ್ರಕ್ಕೆ ಬೆಲೆ ಹೆಚ್ಚು. ಅಂಥದಕ್ಕೆ ಅಧಿಕಾರಿ ಕಾರಣ ಕೊಟ್ಟು ಉತ್ತರಿಸಬೇಕಾಗುತ್ತದೆ.

ಸ್ಥಳಾಂತರ ಮಾಡುತ್ತೇವೆ ಎಂಬ ಭರವಸೆಯನ್ನು ಹಾಗೆಯೇ ನಂಬಬಾರದು. ಕಾಂಡದ ವ್ಯಾಸದ ಎಂಟು-ಹತ್ತು ಪಟ್ಟು ಅಗಲದ ಮಣ್ಣಿನ ಉಂಡೆ ಬೇಕು. ಒಂದಡಿ ವ್ಯಾಸದ ಮರಕ್ಕೆ ಎಂಟರಿಂದ ಹತ್ತಡಿ. ತಿಂಗಳುಗಳ ಮುಂಚೆಯೇ ಸುತ್ತ ಹಂತಹಂತವಾಗಿ ಕಾಲುವೆ ತೋಡಿ ಹೊಸ ಬೇರು ಬರಿಸಬೇಕು, ನೆಟ್ಟ ಮೇಲೆ ವರ್ಷಕ್ಕೂ ಮೀರಿ ನೀರುಣಿಸಬೇಕು. ಆಲ, ಅರಳಿ, ಅತ್ತಿಯಂಥವು ಒಗ್ಗಿಕೊಳ್ಳುತ್ತವೆ. ತಾಯಿಬೇರಿನ ಮೇಲೆ ನಿಂತ ದೊಡ್ಡ ಹುಣಸೆ, ಹಲಸನ್ನು ಬೆಳಿಗ್ಗೆ ಕಿತ್ತು ಸಂಜೆ ಬೇರೆಡೆ ನೆಟ್ಟರೆ ಅದು ಎರಡು ಜಾಗದಲ್ಲಿ ಸಾಯಿಸಿದಂತೆ.

ಹಳ್ಳಿ ನಗರವಾದಾಗ ಉಳಿದುಕೊಂಡ ಗುಂಡುತೋಪುಗಳ, ಅಂದರೆ ಊರಿನ ಸಾಮೂಹಿಕ ಮರತೋಪುಗಳ, ಕಡೆಗೂ ಗಮನ ಬೇಕು. ಸಮುದಾಯದ ಜಾಗಗಳ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿದೆ. ತೋಪಿನ ಮರಗಳು ಅಪರೂಪದ್ದಾಗಿದ್ದರೆ ಜೀವವೈವಿಧ್ಯ ಕಾಯ್ದೆ, 2002ರ 37ನೇ ಕಲಂನಡಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಅವಕಾಶವಿದೆ. ದೂರ ಹೋಗಬೇಕಿಲ್ಲ: ದೇವನಹಳ್ಳಿ ಬಳಿಯ ನಲ್ಲೂರಿನ 54 ಎಕರೆ ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಈ ಮನ್ನಣೆ ಪಡೆಯಿತು. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಜಮೀನಿನ ಬೆಲೆ ಮುಗಿಲು ಮುಟ್ಟಿದ ಸೀಮೆಯಲ್ಲಿ ಆ ಹುಣಸೆಗಳು ಇಂದಿಗೂ ನಿಂತಿವೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಪ್ರಸ್ತಾವ ಹೋಗಬೇಕು. ಸಮಿತಿ ಕಾಗದದ ಮೇಲಷ್ಟೇ ಇದ್ದರೆ ಅದನ್ನು ಮೊದಲು ಎಬ್ಬಿಸಬೇಕು.

ಯಾವ ಬಾಗಿಲು ತಟ್ಟಬೇಕೆಂಬ ಗೊಂದಲದಲ್ಲೂ ಮರಗಳು ಹೋಗುತ್ತವೆ. ಹಸಿರು ನ್ಯಾಯಮಂಡಳಿಗೆ ಹೋಗೋಣ ಎಂದು ಹಲವರು ಹೊರಡುತ್ತಾರೆ. 2010ರ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದು ಕೇಂದ್ರದ ಪರಿಸರ ಕಾಯ್ದೆಗಳು ಮಾತ್ರ. ನಮ್ಮ ವೃಕ್ಷ ಸಂರಕ್ಷಣಾ ಕಾಯ್ದೆ ಅಲ್ಲಿಲ್ಲ. ಜೀವವೈವಿಧ್ಯ ಕಾಯ್ದೆ ಆ ಅನುಸೂಚಿಯಲ್ಲಿರುವುದರಿಂದ, ತೋಪು ಜೀವವೈವಿಧ್ಯ ಪಾರಂಪರಿಕ ತಾಣವಾಗಿದ್ದರೆ ಬೇರೆ ಮಾತು. ಬರೀ ಮರದ ಅನುಮತಿಯ ತಕರಾರಿಗೆ ವೃಕ್ಷ ಅಧಿಕಾರಿ, ಅವರ ಮೇಲಿನ ವೃಕ್ಷ ಪ್ರಾಧಿಕಾರ, ಆಮೇಲೆ ಹೈಕೋರ್ಟ್ ಎಂಬ ದಾರಿಯೇ ನೇರ. ಹೊರವಲಯದಲ್ಲಿ ನಗರ ಪಾಲಿಕೆಯ ಅರಣ್ಯ ವಿಭಾಗವೋ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಯೋ ಎಂಬ ಪ್ರಶ್ನೆ ಎದ್ದೇ ಏಳುತ್ತದೆ. 2025ರಲ್ಲಿ ಬೆಂಗಳೂರು ಐದು ಪಾಲಿಕೆಗಳಾದ ಮೇಲಂತೂ ಗಡಿಯ ಬೀದಿಗಳಲ್ಲಿ ಇದು ದಿನದ ಮಾತು. ಸದ್ಯಕ್ಕೆ ದೂರನ್ನು ಇಬ್ಬರಿಗೂ ಕೊಟ್ಟು, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸುವುದು ಕ್ಷೇಮ. ಯಾವ ವಾರ್ಡಿಗೆ, ಯಾವ ಪಂಚಾಯ್ತಿಗೆ ಯಾರು ವೃಕ್ಷ ಅಧಿಕಾರಿ ಎಂಬ ಪಟ್ಟಿಯನ್ನು ಪ್ರತಿ ಕಚೇರಿಯ ಫಲಕದ ಮೇಲೆ ಬರೆಸಲು ಸರ್ಕಾರಕ್ಕೆ ಒಂದು ವಾರ ಸಾಕು.

ಮಾಹಿತಿ ಹಕ್ಕಿನ ಅರ್ಜಿ ಹಾಕುವವರು ರಾಜ್ಯದ ನಿಯಮ ಮರೆಯಬಾರದು: ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಉದ್ದುದ್ದ ಬರೆದರೆ ಅರ್ಜಿ ತಿರಸ್ಕೃತವಾಗಬಹುದು. ಕೇಳಬೇಕಾದ್ದು ಅನುಮತಿ ಆದೇಶದ ಪ್ರತಿ, ಸ್ಥಳ ಪರಿಶೀಲನಾ ಟಿಪ್ಪಣಿ ಮತ್ತು ಮಹಜರು, ಬದಲಿ ಗಿಡ ನೆಟ್ಟ ಜಾಗ ಹಾಗೂ ದಿನಾಂಕ. ಮೂರನೆಯದಕ್ಕೆ ಉತ್ತರ ಸಿಗುವುದು ಕಷ್ಟ, ಆದ್ದರಿಂದಲೇ ಅದನ್ನು ಬಿಡಬಾರದು. ಬದಲಿ ಗಿಡವನ್ನು ನೆಟ್ಟ ದಿನ ಎಣಿಸಿ ಪ್ರಯೋಜನವಿಲ್ಲ, ಮೂರನೇ ಬೇಸಿಗೆ ಕಳೆದ ಮೇಲೆ ಎಣಿಸಬೇಕು. ಮೂರಡಿ ಉದ್ದಗಲ ಆಳದ ಗುಂಡಿ, ಆಳೆತ್ತರದ ಗಿಡ, ದನ ಮೇಯದಂತೆ ಬೇಲಿ, ಮೂರು ಬೇಸಿಗೆ ನೀರು ಇಷ್ಟಿದ್ದರೆ ಹೊಂಗೆಯೂ ಬೇವೂ ಮತ್ತೆ ಯಾರ ನೆರವೂ ಬೇಡದೆ ಬೆಳೆಯುತ್ತವೆ.

ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಒಂದೇ. ರಸ್ತೆ ಅಗೆಯಲು ಕೊಡುವ ಪ್ರತಿ ಅನುಮತಿ ಪತ್ರದ ಜೊತೆ ಒಂದು ಹಾಳೆಯ ಮರಗಳ ಮಹಜರು ಇರಲಿ: ಮರದ ಸಂಖ್ಯೆ, ಸುತ್ತಳತೆ, ಕಾಲುವೆಗೂ ಕಾಂಡಕ್ಕೂ ಇರುವ ದೂರ, ಅಲ್ಲಿ ಅಗೆಯುವುದು ಕೈಯಿಂದಲೋ ಯಂತ್ರದಿಂದಲೋ. ಅದಕ್ಕೆ ವೃಕ್ಷ ಅಧಿಕಾರಿ ಮತ್ತು ಗುತ್ತಿಗೆದಾರ ಇಬ್ಬರ ಸಹಿ ಬೀಳಲಿ, ಅದರ ಒಂದು ಪ್ರತಿಯನ್ನು ಕಾಮಗಾರಿಯ ಜಾಗದಲ್ಲಿ ಅಂಟಿಸಲಿ. ಕೆಲಸ ಮುಗಿದ ಮೇಲೆ ಅದೇ ಹಾಳೆ ಹಿಡಿದು ಮತ್ತೊಮ್ಮೆ ಮರ ನೋಡಿ, ಬೇರು ಹರಿದಿದ್ದರೆ ಗುತ್ತಿಗೆದಾರನ ಠೇವಣಿಯಿಂದ ದಂಡ ಕಡಿತವಾದ ನಂತರವೇ ಬಿಲ್ ಪಾಸಾಗಲಿ. ಇದಕ್ಕೆ ಹೊಸ ಕಾಯ್ದೆ ಬೇಡ. 1976ರ ವ್ಯಾಖ್ಯೆಯನ್ನು ಕೊನೆಯ ಸಾಲಿನವರೆಗೂ ಓದಿ ಹೊರಡಿಸುವ ಒಂದು ಸುತ್ತೋಲೆ ಸಾಕು. ಮುಂದಿನ ಏಪ್ರಿಲ್ ಗಾಳಿ ಬೀಸುವುದರೊಳಗೆ ಅದು ಹೊರಬೀಳಲಿ.

ಇಂತಿ,
ಮರಗಳ ಪಾಲನೆಯಲ್ಲಿ ತೊಡಗಿರುವ ನಾಗರಿಕರು,
ಬೆಂಗಳೂರು ಹೊರವಲಯ